ನಾನೂರರ ರೀಲು, ತೊಟ್ಟಿಲ ಕೋಣೆ

ಫೋಟೋ ಬಂತು! ನನ್ನ ಮಗಳ ಕೂಸಿಗೆ ಹೆಸರಿಟ್ಟ ಗಳಿಗೆಯ ಫೋಟೋ ಬಂತು. ಕಪ್ಪಾಗಿಲ್ಲ, ಮಸುಕಾಗಿಲ್ಲ, ಕೂಸಿನ ಕಣ್ಣು ಕೂಡ ತೆರೆದೇ ಇದೆ. ನಿನ್ನೆ ಮುಂಜಾನೆ ಅದು ಕೈಗೆ ಸಿಕ್ಕಾಗಿನಿಂದ ಶಹಾಬಜಾರದ ನಮ್ಮ ಓಣಿಯಲ್ಲಿ ಎದುರಾದವರಿಗೆಲ್ಲ ಹೇಳಿದ್ದೇನೆ. ಹಾಲಿನವನಿಗೆ ಹೇಳಿದ್ದನ್ನೇ ಮತ್ತೆ ಹೇಳಿದೆನಂತೆ, ಅವನು ನಗುತ್ತ ಹೋದ. ಆದರೂ ತೃಪ್ತಿಯಾಗದೆ ಈಗ ಬರೆಯಲು ಕುಳಿತಿದ್ದೇನೆ. ನಾನು ಶಾಲೆಯನ್ನು ಬೇಗ ಬಿಟ್ಟವನು. ಅಕ್ಷರ ಸೊಟ್ಟಗಿದ್ದರೆ ತಿದ್ದಿಕೊಂಡು ಓದಿ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಒಂದು ಫೋಟೋಕ್ಕೆ ಇಷ್ಟು ಕುಣಿದಾಟವೇ ಎನ್ನುತ್ತೀರಿ. ಅದನ್ನೇ ಹೇಳುತ್ತೇನೆ.

ನಮ್ಮ ಮನೆಯಲ್ಲಿ ತೊಟ್ಟಿಲ ಕಾರ್ಯಕ್ಕೆ ಒಳಕೋಣೆಗೆ ಗಂಡಸರು ಹೋಗುವಂತಿಲ್ಲ. ಸೋದರತ್ತೆ ತೊಟ್ಟಿಲೊಳಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಹೇಳುತ್ತಿದ್ದಂತೆಯೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಆಮೇಲೆ ನಗುವೋ ನಗು. ನನ್ನ ಮಕ್ಕಳೆಲ್ಲರಿಗೂ ಹೆಸರಿಟ್ಟದ್ದು ಅದೇ ಕೋಣೆಯಲ್ಲಿ. ಪ್ರತಿ ಸಲವೂ ನಾನು ಪಡಸಾಲೆಯಲ್ಲಿ ಕುಳಿತು ಗುದ್ದಿನ ಸಪ್ಪಳ ಕೇಳಿದ್ದೇನೆಯೇ ಹೊರತು ಕಣ್ಣಿಂದ ಕಂಡಿಲ್ಲ. ಒಳಗೆ ಏನು ಅಷ್ಟು ನಕ್ಕಿರಿ ಎಂದು ಹೆಂಡತಿಯನ್ನು ಕೇಳಿದರೆ, “ಅದು ಹೆಣ್ಮಕ್ಕಳ ಮಾತು, ನಿಮಗ್ಯಾಕ್ರೀ?” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಈ ಕೂಸಿನ ತಾಯಿ ನಮ್ಮ ಕೊನೆಯ ಮಗಳು. ಕಮಲಾಪುರಕ್ಕೆ ಕೊಟ್ಟಿದ್ದೇವೆ, ಬಾಣಂತನಕ್ಕೆ ಬಂದಿದ್ದಳು. ಈ ಮನೆಯಲ್ಲಿ ಇನ್ನೊಂದು ತೊಟ್ಟಿಲು ಕಟ್ಟುವುದನ್ನು ನಾನು ಕಾಣುತ್ತೇನೋ ಇಲ್ಲವೋ. ಈ ಸಲ ಫೋಟೋದಲ್ಲಾದರೂ ಆ ಗಳಿಗೆಯನ್ನು ನೋಡಲೇಬೇಕು ಎಂಬ ಆಸೆ ನನ್ನನ್ನು ಹಿಡಿದುಬಿಟ್ಟಿತು.

ಹೇಳಿದ ಕೂಡಲೇ ಮಗಳು, “ಅಪ್ಪಾ, ಮೊಬೈಲ್ ಮಾತ್ರ ಬ್ಯಾಡ. ಎಲ್ಲಾರೂ ಸ್ಟೇಟಸ್ಸಿಗಿ ಹಾಕ್ತಾರ, ಕೂಸಿಗಿ ದೃಷ್ಟಿ ಆಗ್ತದ” ಎಂದಳು.

ಹೆಂಡತಿ ಇನ್ನೊಂದು ಕಟ್ಟು ಹಾಕಿದಳು. “ಲೈಟ್ ಬಡಿಯೂದೂ ಬ್ಯಾಡ. ಎಳಿ ಕೂಸಿನ ಕಣ್ಣಿಗಿ ಫ್ಲ್ಯಾಶ್ ಹೊಡದ್ರ ಕ್ಯಾಮೆರಾ ಹಿತ್ತಲದಾಗ ಒಗೀತೀನಿ ನೋಡ್ರಿ.”

ನನ್ನ ಪರವಾಗಿ ಎದ್ದವಳು ದೊಡ್ಡ ಮಗನ ಮಗಳು. ಕಾಲೇಜಿಗೆ ಹೋಗುತ್ತಾಳೆ, ಎಲ್ಲಿಂದಲೋ ಒಂದು ಹಳೆಯ ರೀಲ್ ಕ್ಯಾಮೆರಾ ತಂದು ಅದರ ಹುಚ್ಚು ಹಿಡಿಸಿಕೊಂಡಿದ್ದಾಳೆ. ಹೆಣ್ಣುಮಗಳಾದ್ದರಿಂದ ಕೋಣೆಯೊಳಗೆ ಅವಳಿಗೆ ಅಡ್ಡಿಯಿಲ್ಲ.

“ಮುತ್ಯಾ, ನಾ ತೆಗೀತೀನಿ. ಸ್ಟೇಟಸ್ಸೂ ಇಲ್ಲ, ಫ್ಲ್ಯಾಶೂ ಇಲ್ಲ. ಆದ್ರ ಆ ಕೋಣಿ ಕತ್ತಲಿ ಅದ, ಹೆಣ್ಮಕ್ಕಳ ಕೈ ಒಂದ ಕಡಿ ನಿಲ್ಲಂಗಿಲ್ಲ. ರೀಲು ಫಾಸ್ಟ್ ಇರಬೇಕು.”

ಫಾಸ್ಟ್ ಎಂದರೆ ಬೇಗ ಓಡಿ ಬೇಗ ಮುಗಿಯುವುದು ಎಂದು ತಿಳಿದು, “ನಿಧಾನದ್ದೇ ತಗೋವಾ, ಬಾಳಿಕಿ ಬರ್ತದ” ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಡಿಮೆ ಬೆಳಕಿದ್ದರೂ ಚಿತ್ರವನ್ನು ಗಪ್ಪನೆ ಹಿಡಿಯುವುದು ಫಾಸ್ಟ್ ರೀಲಂತೆ. ದಾರಿಯುದ್ದಕ್ಕೂ ತಿಳಿಸಿ ಹೇಳುತ್ತ ನನ್ನನ್ನು ಫೋಟೋ ಅಂಗಡಿಗೆ ಕರೆದೊಯ್ದಳು.

ಅಂಗಡಿಯವರು ಈಗ ಪಾಸ್‌ಪೋರ್ಟ್ ಫೋಟೋ, ಝೆರಾಕ್ಸ್ ಮಾಡಿಕೊಂಡಿದ್ದಾರೆ. ಕಾಲೇಜು ಮಕ್ಕಳು ಕೇಳುತ್ತಾರೆಂದು ಫ್ರಿಜ್ಜಿನಲ್ಲಿ ತಂಪು ಬಾಟಲಿಗಳ ಪಕ್ಕ ಒಂದಿಷ್ಟು ರೀಲು ಇಟ್ಟಿರುತ್ತಾರೆ. ಮೂರು ಡಬ್ಬಿ ತೆಗೆದು ಮುಂದಿಟ್ಟರು.

“ಇದು ದೋ ಸೌ, ಇದು ಚಾರ್ ಸೌ, ಇದು ಆಠ್ ಸೌ. ಬಿಸಲಾಗ ತೆಗಿಯೂದಿದ್ರ ದೋ ಸೌ ಸಾಕ್ರಿ.”

“ಎಂಟನೂರದ್ದೇ ಕೊಡ್ರಿ” ಎಂದೆ. ಅಂಕಿ ದೊಡ್ಡದಾದಷ್ಟೂ ರೀಲು ಫಾಸ್ಟ್ ಎಂದು ಮೊಮ್ಮಗಳು ದಾರಿಯಲ್ಲಿ ಹೇಳಿದ್ದಳು. ದೊಡ್ಡ ಅಂಕಿ ಕಣ್ಣೆದುರಿಗೇ ಇರುವಾಗ ಸಣ್ಣದೇಕೆ?

ಮೊಮ್ಮಗಳು ಆ ಡಬ್ಬಿಯನ್ನು ತಿರುಗಿಸಿ ನೋಡಿದಳು. “ಚಾಚಾ, ಇದರ ತಾರೀಖ ಹೋಗ್ಯದಲ್ಲ.”

“ಹೋಗ್ಯದ ಬೇಟಾ. ಹ್ವಾದ ಬ್ಯಾಸಗಿ ಪೂರಾ ಹೊರಗ ಇತ್ತು. ಫಾಸ್ಟ್ ಇದ್ದಷ್ಟು ನಮ್ಮ ಬಿಸಲಿಗಿ ಲಗೂ ಕೆಡ್ತದ. ಬಂದ್ರ ಬಂತು, ಇಲ್ಲಂದ್ರ ನನಗ ಬೈಬ್ಯಾಡ್ರಿ.”

ಬಂದರೆ ಬಂತು ಎನ್ನುವಂಥ ಫೋಟೋ ಅಲ್ಲ ಇದು. ಹೆಸರಿಡುವುದು ಒಂದೇ ಸಲ. ಮೊಮ್ಮಗಳು ಆ ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಕಡೆಗೆ ನಡುವಿನ ಡಬ್ಬಿ ಎತ್ತಿಕೊಂಡು, “ಮುತ್ಯಾ, ನಾಕನೂರು ದಿನಾ ಬಳಸಾಕ ಛಲೋ. ಮನಿ ಒಳಗೂ ನಡೀತದ, ಉಳದದ್ದು ಕಮಲಾಪುರದ ಬಾಳಿ ತ್ವಾಟದ ಬಿಸಲಿಗೂ ನಡೀತದ. ಆದ್ರ ನುಣುಪ ಇರಂಗಿಲ್ಲ, ಫೋಟೋ ಸ್ವಲ್ಪ ಜ್ವಾಳದ ನುಚ್ಚಿನಂಗ ಕಾಣ್ತದ” ಎಂದಳು.

“ನುಚ್ಚ ಉಂಡೇ ಬೆಳದೀವಿ. ಕಟ್ರಿ ಅದನ್ನ” ಎಂದೆ.

ಮನೆಗೆ ಬಂದು ಕೋಣೆ ನೋಡಿದ ಮೇಲೆ ಅವಳ ಮುಖ ಸಣ್ಣದಾಯಿತು. ನಾನೂರಕ್ಕೂ ಇಲ್ಲಿಯ ಬೆಳಕು ಸಾಲದಂತೆ. ಕಿಟಕಿ ತೆರೆಯೋಣವೆಂದರೆ ಬಾಣಂತಿಗೆ ಗಾಳಿ ಬಡಿಯುತ್ತದೆ, ಹೆಂಡತಿ ಒಪ್ಪಲಿಲ್ಲ. ಆಗ ನನಗೆ ಬೆಳಕಿಂಡಿ ನೆನಪಾಯಿತು. ಆ ಕೋಣೆಯ ಮಾಳಿಗೆಯಲ್ಲಿ ಒಂದು ಕಿಂಡಿ ಇದೆ. ಪಾರಿವಾಳಗಳ ಕಾಟಕ್ಕೆ ಅದರ ಮೇಲೆ ತಗಡು ಮುಚ್ಚಿ, ಕಲ್ಲು ಹೇರಿ ಎಷ್ಟೋ ವರ್ಷವಾಗಿತ್ತು.

ಕಾರ್ಯದ ದಿನ ಹೆಂಗಸರು ಒಳಗೆ ಸೇರುತ್ತಿದ್ದಂತೆ ನಾನು ಮಾಳಿಗೆ ಹತ್ತಿದೆ. ಕೆಳಗಿನಿಂದ ಹೆಂಡತಿಯ ಕೂಗು: “ಬಗ್ಗಿ ನೋಡಿದ್ರ ನೋಡ್ರಿ ಮತ್ತ!”

ಕಲ್ಲು ಸರಿಸಿ ತಗಡು ತೆಗೆದೆ. ಕಿಂಡಿಗೆ ಬೆನ್ನು ಮಾಡಿ ಕುಳಿತೆ. ಬಿಸಿಲು ನೆತ್ತಿ ಸುಡುತ್ತಿತ್ತು. ಒಳಗೆ ಜೋಗುಳ ನಿಂತಿತು, ಎಲ್ಲ ಗಪ್ಪಾಯಿತು, ಆಮೇಲೆ ಧಬಧಬ ಗುದ್ದು, ಆಮೇಲೆ ಅದೇ ನಗು. ಕತ್ತು ಹೊರಳಿಸಿದ್ದರೆ ಎಲ್ಲವೂ ಕಾಣುತ್ತಿತ್ತು. ಆಸೆಯೇನು ಕಡಿಮೆಯಿತ್ತೇ? ಆದರೆ ನಾನು ಬಗ್ಗಿದರೆ ನನ್ನ ತಲೆಯ ನೆರಳೇ ಕೂಸಿನ ಮೇಲೆ ಬೀಳುತ್ತಿತ್ತು. ಪಂಚೆಯ ಅಂಚು ಬಿಗಿಯಾಗಿ ಹಿಡಿದುಕೊಂಡು ಎದುರು ಮನೆಯ ನೀರಿನ ಟಾಕಿಯನ್ನೇ ನೋಡುತ್ತ ಕುಳಿತೆ.

ಇಳಿದು ಬಂದಾಗ ಮೊಮ್ಮಗಳು, “ಒಂದ ಸಿಕ್ಕದ ಮುತ್ಯಾ, ಆದ್ರ ಕೈ ನಡಗಿತು” ಎಂದಳು.

ಉಳಿದ ರೀಲು ನಿತ್ಯದ ಬದುಕಿಗೆ ಖರ್ಚಾಯಿತು. ರೊಟ್ಟಿ ಬಡಿಯುವ ಹೆಂಡತಿ, ಮಗಳು ಕೂಸೆತ್ತಿಕೊಂಡು ಗಂಡನ ಮನೆಗೆ ಹೊರಟದ್ದು, ಕಮಲಾಪುರದ ಕೆಂಪು ಬಾಳೆಗೊನೆಯ ಕೆಳಗೆ ನಿಂತ ಅಳಿಯ. ಆಮೇಲೆ ತೊಳೆಯಲು ಹೈದರಾಬಾದಿಗೆ ಹೋದ ರೀಲಿನ ಸುದ್ದಿಯೇ ಇಲ್ಲ. ನಾನು ದಿನವೂ ಅಂಗಡಿಗೆ ಹೋಗಿ ಬರುವುದು, ಹೆಂಡತಿ, “ಕೂಸ ನಡ್ಯಾಕ ಕಲೀತದ, ನಿಮ್ಮ ಫೋಟೋ ಬರಂಗಿಲ್ಲ” ಎನ್ನುವುದು.

ನಿನ್ನೆ ಬಂತು. ನಾನೂ ಮೊಮ್ಮಗಳೂ ಅಂಗಡಿಯ ಮೆಟ್ಟಿಲ ಮೇಲೆಯೇ ಕುಳಿತು ಲಕೋಟೆ ಬಿಚ್ಚಿದೆವು. ಕಿಂಡಿಯ ಬೆಳಕು ನೇರ ತೊಟ್ಟಿಲಿಗೆ ಇಳಿದಿದೆ. ಸೋದರತ್ತೆಯ ಕೆನ್ನೆಗೆ ಕೂಸಿನ ಕೆನ್ನೆ ತಾಗಿದೆ. ನುಚ್ಚು ಉದುರಿಸಿದಂತೆ ಸಣ್ಣ ಹರಳು ಕಾಣುವುದು ನಿಜ, ಅದೂ ಚಂದವೇ. ಒಂದೇ ಒಂದು ಕೈ ಮಾತ್ರ ಗಾಳಿಯಲ್ಲಿ ಕಲಸಿಹೋಗಿದೆ. ಯಾರದೆಂದು ನೋಡಿದರೆ ನನ್ನ ಹೆಂಡತಿಯದು! ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಷ್ಟಿ ಎತ್ತಿ, ಬಾಯ್ತುಂಬ ನಗುತ್ತಿದ್ದಾಳೆ. ಇಷ್ಟು ವರ್ಷ ಸಂಸಾರ ಮಾಡಿದರೂ ಆ ನಗುವನ್ನು ನಾನು ಕಂಡಿರಲಿಲ್ಲ.

ಮನೆಗೆ ಬಂದು ಹೆಂಡತಿಯನ್ನೂ ಕರೆದುಕೊಂಡು, ಮೂವರೂ ಸಿಕ್ಕ ಬಸ್ ಹತ್ತಿ ಕಮಲಾಪುರಕ್ಕೆ ಹೋದೆವು. ಹೆಸರು ಹೇಳಿದ ಸೋದರತ್ತೆ, ಅಂದರೆ ಅಳಿಯನ ಅಕ್ಕ, ಫೋಟೋ ನೋಡಿ ಕುಣಿದೇಬಿಟ್ಟಳು. “ಮಾವಾರ, ಕಳ್ಳಿ ಸಿಕ್ಕಳು! ಅವತ್ತ ಬೆನ್ನ ಮುರದಾಕಿ ಇಕಿನ ನೋಡ್ರಿ!”

“ಮೆಲ್ಲಕ ಗುದ್ದಿದ್ರ ಹೆಸರ ನಿಲ್ಲತದೇನವಾ?” ಎಂದಳು ಹೆಂಡತಿ, ನಾಚಿಕೆಯೇ ಇಲ್ಲದೆ.

ಸಂಜೆ ಊಟಕ್ಕೆ ಗಂಡಸರು ಮೊದಲು, ಹೆಂಗಸರು ಆಮೇಲೆ ಎಂದಾಗಲಿಲ್ಲ. ಎಲ್ಲರೂ ಒಟ್ಟಿಗೇ ಕುಳಿತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಸೋದರತ್ತೆ ನನ್ನ ತಟ್ಟೆಗೆ ಸುರಿದ ತುಪ್ಪದಲ್ಲಿ ರೊಟ್ಟಿ ತೇಲುತ್ತಿತ್ತು. ಕೂಸು ಮಗಳ ತೊಡೆಯ ಮೇಲೆ ನಿದ್ದೆ ಮಾಡಿತ್ತು. ಅಂದು ಒಳಕೋಣೆಯಲ್ಲಿ ಯಾರು ಏನೆಂದರು, ಯಾರ ಗುದ್ದು ತಪ್ಪಿ ತೊಟ್ಟಿಲಿಗೆ ಬಿತ್ತು ಎಂದು ಹೆಂಗಸರು ಒಬ್ಬರ ಬಾಯಿಂದ ಒಬ್ಬರು ಕಸಿದುಕೊಂಡು ಹೇಳುತ್ತಿದ್ದರು. ನಾನು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದೆ.

“ಮೊದಲ ಉಣ್ರಿ,” ಎಂದಳು ಹೆಂಡತಿ, ಇನ್ನೊಂದು ರೊಟ್ಟಿ ನನ್ನತ್ತ ನೂಕುತ್ತ, “ಹೇಳೂದು ಇನ್ನೂ ಭಾಳ ಅದ.”