ಐದು ಬೋಗಿಯ ಪ್ಲಾಟ್‌ಫಾರ್ಮು, ಒಂದು ಸ್ಟೂಲು

ದೊಡ್ಡ ಜಂಕ್ಷನ್ನುಗಳನ್ನು ನಡೆಸಿ ಹೆಸರಾದವರು ರೈಲ್ವೆಯಲ್ಲಿ ಹಲವರಿದ್ದಾರೆ. ಆದರೆ ನಾಲ್ಕು ಬೆಂಚು, ಒಂದು ನಲ್ಲಿ, ದಿನಕ್ಕೆ ಎರಡೇ ಪ್ಯಾಸೆಂಜರ್ ಗಾಡಿಗಳಿರುವ ಪುಟ್ಟ ನಿಲ್ದಾಣವನ್ನು ಹತ್ತೊಂಬತ್ತು ವರ್ಷ ಜಂಕ್ಷನ್ನಿನಷ್ಟೇ ಗಂಭೀರವಾಗಿ ನಡೆಸಿದವರು ನಮ್ಮ ಸ್ಟೇಷನ್ ಮಾಸ್ಟರು ಒಬ್ಬರೇ.

ಈ ನಿಲ್ದಾಣವನ್ನು ಕಟ್ಟಿದ್ದು ಕಲ್ಲುಗಣಿಯ ಸಾಗಣೆಗೆ. ಜನ ಹತ್ತಿಳಿಯುವುದು ಆಮೇಲಿನ ಮಾತು. ಹಾಗಾಗಿ ಐದು ಬೋಗಿಗೆ ಸಾಲುವಷ್ಟೇ ಪ್ಲಾಟ್‌ಫಾರ್ಮು ಹಾಕಿದ್ದರು. ಗಣಿ ಮುಚ್ಚಿತು, ಗಾಡಿಗೆ ಬೋಗಿಗಳು ಹನ್ನೊಂದಾದವು, ಪ್ಲಾಟ್‌ಫಾರ್ಮು ಮಾತ್ರ ಜಪ್ಪಯ್ಯ ಅಂದರೂ ಬೆಳೆಯಲಿಲ್ಲ. ಹಿಂದಿನ ಬೋಗಿಗಳಲ್ಲಿದ್ದವರು ಜಲ್ಲಿಕಲ್ಲಿನ ಮೇಲೆ ಧುಮುಕಬೇಕಿತ್ತು. ಮಾಸ್ಟರು ಬಂದ ಎರಡನೆಯ ವಾರವೇ ಬಸುರಿಯೊಬ್ಬರು ಹಾಗೆ ಇಳಿಯಲು ಹೋಗಿ ಬಿದ್ದರು. ಪುಣ್ಯಕ್ಕೆ ಮೊಣಕೈ ತರಚಿತಷ್ಟೇ. ಮರುದಿನ ಮಾಸ್ಟರು ತಮ್ಮ ಅಡುಗೆಮನೆಯ ಸ್ಟೂಲನ್ನು ಹೊತ್ತು ತಂದರು. ಮೇಲಿನ ಡಬ್ಬಿಗಳನ್ನು ಇಳಿಸಿಕೊಳ್ಳಲು ಮನೆಯಾಕೆ ಹತ್ತುತ್ತಿದ್ದ ಸ್ಟೂಲು ಅದು. ಎರಡು ದಿನದ ಮಟ್ಟಿಗೆ ಎಂದು ಆಕೆಗೆ ಹೇಳಿದ್ದರಂತೆ.

ಹಿಂದಿನ ನಿಲ್ದಾಣಕ್ಕೆ ಫೋನು ಮಾಡಿ, ವಯಸ್ಸಾದವರು ಯಾವ ಬೋಗಿಯಲ್ಲಿದ್ದಾರೆಂದು ವಿಚಾರಿಸಿ, ಅಲ್ಲಿಗೇ ಸ್ಟೂಲು ಹಿಡಿದು ಹೋಗುವುದು ಅಂದಿನಿಂದ ಅವರ ಪರಿಪಾಠವಾಯಿತು. ಎರಡು ನಿಮಿಷದ ನಿಲುಗಡೆ ಒಮ್ಮೊಮ್ಮೆ ನಾಲ್ಕಾಗುತ್ತಿತ್ತು. ಇದು ಮೇಲಿನವರಿಗೆ ಹಿಡಿಸಲಿಲ್ಲ. ನಿಲುಗಡೆಯನ್ನೇ ರದ್ದು ಮಾಡಬೇಕೇ ಎಂದು ನೋಡಲು ಒಬ್ಬ ಅಧಿಕಾರಿ ಬಂದರು. ರದ್ದಾಗಿದ್ದರೆ ನಮ್ಮೂರವರ ಆಸ್ಪತ್ರೆಯ ಓಡಾಟಕ್ಕೂ ಕಾಲೇಜಿನ ಓಡಾಟಕ್ಕೂ ಒಟ್ಟಿಗೇ ಕಲ್ಲು ಬೀಳುತ್ತಿತ್ತು.

ಅಧಿಕಾರಿ ಇದ್ದದ್ದು ಕಟ್ಟಕಡೆಯ ಬೋಗಿಯಲ್ಲಿ. ಅದಕ್ಕೆ ಮುಂದಿನದರಲ್ಲಿ ಮಂಡಿನೋವಿನ ಅಜ್ಜಿಯೊಬ್ಬರು. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಸ್ಟೂಲನ್ನು ಅಧಿಕಾರಿಯ ಬಾಗಿಲಿಗೆ ಒಯ್ಯಹೊರಟಾಗ ಮಾಸ್ಟರು ತಡೆದರು.

"ಮೊದ್ಲು ಅಜ್ಜಿಗೆ ಇಡಪ್ಪ. ಸಾಹೇಬ್ರ ಕಾಲು ಗಟ್ಟಿಯಿದೆ."

ಅಜ್ಜಿ ಇಳಿಯುವಷ್ಟರಲ್ಲಿ ಮೂರು ನಿಮಿಷ ಕಳೆಯಿತು. ಬಾಗಿಲ ಕಂಬಿ ಹಿಡಿದು ಕೆಳಗಿನ ಜಲ್ಲಿಯನ್ನೇ ನೋಡುತ್ತಿದ್ದ ಅಧಿಕಾರಿ ಕೊನೆಗೆ ಜಿಗಿದರು, ಜಾರಿದರು, ಕೈಯೂರಿ ಎದ್ದರು. ನಿಲುಗಡೆಯ ಕಥೆ ಮುಗಿಯಿತೆಂದೇ ಎಲ್ಲರೂ ತಿಳಿದೆವು. ಆದರೆ ಅಧಿಕಾರಿ ವರದಿಯಲ್ಲಿ ಮಾಸ್ಟರಿಗೆ ಒಂದು ಎಚ್ಚರಿಕೆಯನ್ನೂ, ಅದರ ಕೆಳಗೆ ಪ್ಲಾಟ್‌ಫಾರ್ಮನ್ನು ಉದ್ದ ಮಾಡತಕ್ಕದ್ದು ಎಂಬ ಸಾಲನ್ನೂ ಬರೆದರು. ನಿಲುಗಡೆ ಉಳಿಯಿತು. ಆ ಒಂದು ಸಾಲು ಸಿಮೆಂಟಾಗಲು ಏಳು ವರ್ಷ ಹಿಡಿದು, ಕೆಲಸ ಮುಗಿದದ್ದು ಮಾಸ್ಟರ ನಿವೃತ್ತಿಯ ತಿಂಗಳಲ್ಲಿ.

ಕೊನೆಯ ದಿನ ಬೀಗದ ಕೈಗಳನ್ನು ಒಪ್ಪಿಸಿ, ಅವರು ಸ್ಟೂಲನ್ನು ಹೊತ್ತು ಮನೆಗೆ ನಡೆದರು. ಡಬ್ಬಿಗಳನ್ನೆಲ್ಲ ಕೆಳಗಿಟ್ಟುಕೊಂಡು ಹದಿನೆಂಟು ವರ್ಷವಾಯಿತು, ಈಗ ಇದನ್ನೇನು ಮಾಡಲಿ ಎಂದು ಮನೆಯಾಕೆ ಕೇಳಿದರಂತೆ. ಆಮೇಲೆ ತಾವೇ ಅದರ ಧೂಳು ಒರೆಸಿ ಬಾಗಿಲ ಬಳಿ ಇಟ್ಟರು.

"ಊರವರನ್ನೆಲ್ಲ ಇಳಿಸಿದ್ದು ಸಾಕು. ಈಗ ನೀವು ಕೂತ್ಕೊಳ್ಳಿ."

ಮಾನ್ಯರು ಅದರ ಮೇಲೆ ಬಹುಕಾಲ ಸುಖವಾಗಿ ಕುಳಿತು, ತಮ್ಮೊಬ್ಬರಿಗೇ ಪೂರ್ತಿ ಗೊತ್ತಿರುವ ಈ ನಿಲ್ದಾಣದ ಚರಿತ್ರೆಯನ್ನು ಬರೆಯಲಿ ಎಂದು ಹಾರೈಸುತ್ತೇವೆ. ಗಾಡಿಯ ಸದ್ದಾದರೆ ಅವರು ಈಗಲೂ ಸ್ಟೂಲನ್ನು ಎತ್ತಿಕೊಂಡು ಹೊರಡುತ್ತಾರೆಂದು ಕೇಳಿದ್ದೇವೆ. ಅವರನ್ನು ಮತ್ತೆ ಕೂರಿಸುವಷ್ಟು ಆಯುಷ್ಯ ಮನೆಯಾಕೆಗೂ ಇರಲಿ.