ಹಲಗೆಯ ಮೇಲೆ ಏಳರ ಮಗ್ಗಿ

ಸಿಡ್ನಿಯಲ್ಲಿ ನಮ್ಮ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಟೀಚರು ಮಗ್ಗಿ ಬಾಯಿಪಾಠ ಮಾಡಿಸುತ್ತಿರಲಿಲ್ಲ, ಕುಣಿಸುತ್ತಿದ್ದರು. ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡ ವೃತ್ತ ಬರೆದು ಸುತ್ತಲೂ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಹಾಕುವುದು. ಮಕ್ಕಳು ಜೋಡಿ ಜೋಡಿಯಾಗಿ ಕೈ ಹಿಡಿದು, ಉಲ್ಲನ್ ದಾರ ಬಿಡುತ್ತಾ, ಏಳರ ಮಗ್ಗಿಯಾದರೆ ಏಳು, ನಾಲ್ಕು, ಒಂದು, ಎಂಟು ಅಂತ ಪ್ರತಿ ಉತ್ತರದ ಕೊನೆಯ ಅಂಕಿಯ ಮೇಲೆ ಹೆಜ್ಜೆ ಇಡುವುದು. ಉಳಿದವರದು ಚಪ್ಪಾಳೆ. ಮಗ್ಗಿ ಮುಗಿಯುವಷ್ಟರಲ್ಲಿ ನೆಲದ ಮೇಲೆ ದಾರದ ನಕ್ಷತ್ರ ಮೂಡಿರುತ್ತಿತ್ತು. ಒಳಗೆ ಹೋಗಿ ಅದನ್ನೇ ಕಾಗದದ ಮೇಲೆ ಬರೆದು ಬಣ್ಣ ಹಚ್ಚುತ್ತಿದ್ದರು.

ನನಗೆ ಇದು ಹಿಡಿಸಿರಲಿಲ್ಲ. ಬೆಂಗಳೂರಿನ ಶೆಡ್ಡುಗಳಲ್ಲಿ ವೆಲ್ಡಿಂಗ್ ಕಲಿತು, ಗಲ್ಫ್‌ನ ಬಿಸಿಲಲ್ಲಿ ಬೆಂದು, ಕಂಪನಿ ವೀಸಾದ ಮೇಲೆ ಇಲ್ಲಿಗೆ ಬಂದವನು ನಾನು. ಯಾರ ಕೈಕಾಲು ಹಿಡಿದೂ ಬಂದಿಲ್ಲ. ಮಗಳು ಕೂತು ಓದಲಿ ಅಂತ ನಾನು ದಿನವಿಡೀ ಬಗ್ಗಿ ದುಡಿಯುತ್ತಿದ್ದರೆ ಇವರು ಅವಳನ್ನು ಕುಣಿಸುತ್ತಿದ್ದಾರಲ್ಲ ಅಂತ ಸಿಟ್ಟು.

ಉಳಿದ ಮಗ್ಗಿಗಳೆಲ್ಲ ಬಂದವು, ಏಳರದ್ದು ಮಾತ್ರ ಅವಳ ತಲೆಗೆ ಹತ್ತಲಿಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ಅವಳು ತಡವರಿಸುತ್ತಿದ್ದಾಗ ನನ್ನ ಬೆರಳು ತಾನಾಗಿಯೇ ಮೇಜಿನ ಮೇಲೆ ಬಡಿಯತೊಡಗಿತು. ಮೂರು ಪೆಟ್ಟು, ಅದರ ಬೆನ್ನಿಗೇ ನಾಲ್ಕು, ಕೊನೆಯ ಪೆಟ್ಟು ಗಟ್ಟಿಯಾಗಿ. ಮಗಳು ಆ ಗಟ್ಟಿ ಪೆಟ್ಟಿಗೆ ಸರಿಯಾಗಿ ಏಳು ಅಂದಳು, ಹದಿನಾಲ್ಕು ಅಂದಳು. ಎಲ್ಲೂ ನಿಲ್ಲದೆ ಎಪ್ಪತ್ತಕ್ಕೆ ಹೋಗಿ ಮುಟ್ಟಿದಳು.

ಅದು ನಮ್ಮಪ್ಪನ ಹಲಗೆಯ ಪೆಟ್ಟು. ನಮ್ಮೂರಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಲಗೆ ಬಾರಿಸಿಕೊಂಡು ಹೋಗುವುದು ನಮ್ಮ ಕೇರಿಯವರ ಪಾಲಿಗೆ ಬಿದ್ದ ಕೆಲಸ. ಮಣ್ಣು ಮುಗಿದ ಮೇಲೆ ದೂರ ನಿಂತು, ಕೊಟ್ಟದ್ದನ್ನು ಟವೆಲ್ ಒಡ್ಡಿ ಈಸಿಕೊಂಡು ಬರಬೇಕು. ಏಳನೇ ಕ್ಲಾಸಿನಲ್ಲಿ ಕರಿಹಲಗೆಯ ಮುಂದೆ ನಾನೊಂದು ಲೆಕ್ಕ ತಪ್ಪಿದಾಗ ಮೇಷ್ಟ್ರು ಹೇಳಿದ್ದು ಇಷ್ಟೇ: “ನಿಮ್ಮಪ್ಪನ ಹತ್ರ ಒಂದು ಹಲಗಿ ಐತಲ್ಲೋ, ನಿನಗ್ಯಾಕ ಬೇಕು ಈ ಹಲಗಿ?” ಇಡೀ ಕ್ಲಾಸು ನಕ್ಕಿತು. ಮರುದಿನದಿಂದ ನಾನು ಆ ಹಲಗೆಯ ಮುಂದೆಯೂ ನಿಲ್ಲಲಿಲ್ಲ, ಅಪ್ಪನ ಹಲಗೆಯನ್ನೂ ಮುಟ್ಟಲಿಲ್ಲ. ನನ್ನ ಮಗಳಿಗೆ ಆ ನಗು ಕೇಳಿಸಬಾರದು. ಸಮುದ್ರ ದಾಟಿದ್ದು ಅದಕ್ಕೇ.

ಮಗಳು ಆ ಪೆಟ್ಟನ್ನು ಕ್ಲಾಸಿಗೆ ತೆಗೆದುಕೊಂಡು ಹೋದಳು. ಟೀಚರಿಗೆ ಸಂಭ್ರಮವೋ ಸಂಭ್ರಮ. ನನ್ನನ್ನು ಕರೆಸಿ, ಮಕ್ಕಳ ಮುಂದೆ ಡೆಸ್ಕಿನ ಮೇಲೆ ಬಾರಿಸಿ ತೋರಿಸಿ ಅಂದರು. ಬಾರಿಸಿದೆ. ಈ ವಾದ್ಯದ ಹೆಸರೇನು ಅಂದರು. ಇಲ್ಲಿ ಯಾರಿಗೇನು ಗೊತ್ತಾಗುತ್ತದೆ ಅಂತ ಹಲಗೆ ಅಂದೆ. ಅವರು ಬಿಳಿ ಬೋರ್ಡಿನ ಮೇಲೆ ದೊಡ್ಡದಾಗಿ ಇಂಗ್ಲಿಷಿನಲ್ಲಿ ಬರೆದರು. ಮಕ್ಕಳೆಲ್ಲ “ಹಾಲಗೇ” ಅಂತ ಕೂಗಿದರು. ಆ ಕ್ಷಣ ನನಗೆ ಎದೆ ತುಂಬಿತ್ತು, ಅದನ್ನೂ ಹೇಳಬೇಕು.

ಹಿಂದೆ ಸಿಂಕಿನಲ್ಲಿ ಬ್ರಷ್ ತೊಳೆಯುತ್ತಿದ್ದ ಹೆಂಗಸು ಆಗ ತಿರುಗಿದರು. ಕ್ಲಾಸಿನ ಕೆಲಸಕ್ಕೆ ನೆರವಾಗಲು ವಾರಕ್ಕೊಮ್ಮೆ ಬರುವ ತಾಯಿ. ಬೆಂಗಳೂರಿನವರು, ಗಂಡನಿಗೆ ಪ್ಯಾರಮಟ್ಟಾದಲ್ಲಿ ಐಟಿ ಕೆಲಸ. ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಯಲ್ಲಿ ನಮ್ಮ ಕನ್ನಡ ಕೇಳಿ ತಾವಾಗಿಯೇ ಮಾತಾಡಿಸಿದವರು. ಅವರ ಮಗನೂ ನನ್ನ ಮಗಳೂ ಕ್ಲಾಸಿನಲ್ಲಿ ಜೋಡಿ. ಭಾನುವಾರದ ಊಟ ಒಮ್ಮೆ ಅವರ ಮನೆಯಲ್ಲಿ, ಒಮ್ಮೆ ನಮ್ಮಲ್ಲಿ.

“ಅಣ್ಣ, ಇದು ತಮಟೆ ಅಲ್ವಾ?” ಅಂತ ನಗುತ್ತಾ ಬಂದರು. “ನಮ್ ಕಡೆ ಬಾಡಿ ಎತ್ಕೊಂಡ್ ಹೋಗೋವಾಗ ಹೊಡೀತಾರಲ್ಲ, ಸೇಮ್ ಅದೇ! ನಿಮ್ಗೆ ಹೇಗೆ ಬರುತ್ತೆ? ಕ್ಲಾಸ್‌ಗೇನಾದ್ರೂ ಹೋಗ್ತಿದ್ರಾ?”

“ಕ್ಲಾಸ್ ಅಲ್ರಿ ಮೇಡಂ. ನಮ್ಮಪ್ಪ ಬಾರಸ್ತಿದ್ದ. ಅವರಪ್ಪಾನೂ ಬಾರಸ್ತಿದ್ದ.”

ಅವರ ಕೈಯಲ್ಲಿದ್ದ ಬ್ರಷ್ಷಿನಿಂದ ನೀರು ತೊಟ್ಟಿಕ್ಕುತ್ತಿತ್ತು. “ಓ,” ಅಂದರು. “ಹೌದಾ. ನೈಸ್, ನೈಸ್.”

ಮನೆಯಲ್ಲಿ ಹೆಂಡತಿ ಕೇಳಿದಳು: “ಮೃದಂಗ ಅಂದಿದ್ರ ನಿನ್ನ ಹಲ್ಲು ಉದುರ್ತಿದ್ವೇನು?”

“ಸುಳ್ಳು ಯಾಕ ಹೇಳ್ಲಿ? ಅವರೇನು ನನಗ ಅನ್ನ ಹಾಕ್ತಾರೇನು?”

“ನಿನ್ನ ಸೊಕ್ಕು ನಿನಗ ಇರಲಿ. ಅದನ್ನ ಹೊತ್ಕೊಂಡು ಸಾಲಿಗೆ ಹೋಗಾಕಿ ಅದು, ಕೂಸು.”

ಆ ಭಾನುವಾರ ಅವರ ಮನೆಗೆ ಯಾರೋ ನೆಂಟರು ಬಂದಿದ್ದರಂತೆ. ಮುಂದಿನ ಸಲ ಅವರಿಗೆ ಮೈ ಹುಷಾರಿರಲಿಲ್ಲ. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟರು. ಅಂಗಡಿಯಲ್ಲಿ ಎದುರಾದರೆ ತರಕಾರಿ ಆರಿಸುವುದರಲ್ಲಿ ಮುಳುಗಿಬಿಡುತ್ತಿದ್ದರು.

ಇಷ್ಟಾದರೆ ನಾನು ತಡೆದುಕೊಳ್ಳುತ್ತಿದ್ದೆ. ಆದರೆ ಒಂದು ಮಧ್ಯಾಹ್ನ ಟೀಚರು ಫೋನು ಮಾಡಿದರು. ತನ್ನ ಮಗನಿಗೆ ಬೇರೆ ಜೋಡಿ ಕೊಡಿ ಅಂತ ಆ ತಾಯಿ ಕೇಳಿದ್ದಾರೆ, ನಿಮ್ಮ ಎರಡು ಮನೆಗಳ ನಡುವೆ ಏನಾದರೂ ಜಗಳವಾಗಿದೆಯೇ ಅಂದರು. ವೆಲ್ಡಿಂಗಿಗೆ ಬೇಕಾದ ಇಂಗ್ಲಿಷ್ ನನಗೆ ಬರುತ್ತಿತ್ತು. ಇದನ್ನು ಬಿಡಿಸಿ ಹೇಳುವ ಇಂಗ್ಲಿಷ್ ಬರುತ್ತಿರಲಿಲ್ಲ. ಕನ್ನಡದಲ್ಲಾದರೂ ಎಲ್ಲಿಂದ ಶುರು ಮಾಡುತ್ತಿದ್ದೆನೋ. “ನೋ ಫೈಟ್” ಅಂದೆ. ಪಾಪ, ಅವರು ಸಮಾಧಾನದ ಉಸಿರು ಬಿಟ್ಟರು.

ಟರ್ಮಿನ ಕೊನೆಗೆ ತಂದೆತಾಯಿಗಳ ಮುಂದೆ ಮಗ್ಗಿಯ ಕುಣಿತ. ಹಾಲ್‌ನ ಗೋಡೆಯ ತುಂಬ ಬಣ್ಣದ ನಕ್ಷತ್ರಗಳು. ಇಡೀ ಕ್ಲಾಸು ನಮ್ಮಪ್ಪನ ಪೆಟ್ಟಿಗೆ ಚಪ್ಪಾಳೆ ತಟ್ಟಿತು. ಮೂರು, ನಾಲ್ಕು, ಮೂರು, ನಾಲ್ಕು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಆ ಹುಡುಗನೇ. ಅವನಮ್ಮ ಹ್ಯಾಂಡಿಕ್ಯಾಮ್ ಹಿಡಿದು ತುಂಬು ನಗುಮುಖದಿಂದ ಅದನ್ನು ತುಂಬಿಕೊಳ್ಳುತ್ತಿದ್ದರು. ಮಕ್ಕಳೆಲ್ಲ ಜೋಡಿಯಾಗಿ ವೃತ್ತದೊಳಗೆ ಹೋದರು. ಜೋಡಿಯಿಲ್ಲದೆ ಉಳಿದ ನನ್ನ ಮಗಳ ಕೈ ಹಿಡಿಯಲು ಟೀಚರೇ ಹೋದರು. ಅಷ್ಟೆತ್ತರದ ಹೆಂಗಸು ಪುಟ್ಟ ಹುಡುಗಿಗಾಗಿ ಬಗ್ಗಿ ನಡೆಯುವುದನ್ನು ನೋಡಿ ಜನ ಪ್ರೀತಿಯಿಂದ ನಕ್ಕರು. ಅವಳಿಗೆ ಅದು ಎಂಥ ನಗು ಅಂತ ಹೇಗೆ ಗೊತ್ತಾಗಬೇಕು? ದಾರವನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿ ಹಿಡಿದು ನಿಂತುಬಿಟ್ಟಳು. ನಕ್ಷತ್ರ ಅರ್ಧಕ್ಕೇ ನಿಂತಿತು.

ಮುಂದಿನ ವರ್ಷ ಕಂಪನಿ ನನ್ನನ್ನು ಮೆಲ್ಬರ್ನಿಗೆ ಕಳಿಸಿತು. ಬಾಕ್ಸ್ ಹಿಲ್‌ನಲ್ಲಿ ಮನೆ ಮಾಡಿದೆವು. ಹೊಸ ಶಾಲೆಗೆ ಸೇರಿಸಲು ಹೋದ ದಿನ ಕ್ಲಾಸಿನ ಮೂಲೆಯಲ್ಲಿ ಡೋಲು, ಗೆಜ್ಜೆ, ಬಣ್ಣದ ಡಬ್ಬಿಗಳನ್ನು ನೋಡಿ ಇಲ್ಲೂ ಅದೇ ಪಾಠ ಅಂತ ತಿಳಿಯಿತು. ಹೊಸ ಟೀಚರು ಕೇಳಿದರು, ನಿಮ್ಮ ಮನೆಯಲ್ಲಿ ಹಾಡು, ವಾದ್ಯ ಏನಾದರೂ ಉಂಟೇ ಅಂತ. ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: “ನೋ ಮಿಸ್. ಡ್ಯಾಡ್ ಜಸ್ಟ್ ವರ್ಕ್ಸ್.”

ಕಾರಿನಲ್ಲಿ ಕೂತ ಮೇಲೆ ಕೇಳಿದೆ: “ಯಾಕವ್ವಾ ಹಂಗ ಅಂದಿ?”

ನಾವು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅವಳು. ಅವತ್ತು ಕಿಟಕಿಯ ಕಡೆ ಮುಖ ಮಾಡಿಕೊಂಡು, ಸಣ್ಣ ದನಿಯಲ್ಲಿ, ಕನ್ನಡದಲ್ಲಿ ಹೇಳಿದಳು: “ಬಾಗಿಲ ಹತ್ರ ಒಬ್ರು ಆಂಟಿ ನಿಂತಿದ್ರಲ್ಲ ಅಪ್ಪಾ, ಅವರು ಕನ್ನಡ ಮಾತಾಡ್ತಿದ್ರು.”