ಗಾಲಿ ಹಚ್ಚಿದ ಮಣೆ

ಬೆಳಿಗ್ಗೆ ರೊಟ್ಟಿ ಬಡಿದೆ. ಮಿಲ್ಲಿಗೆ ಹೋಗುವ ಯಜಮಾನರಿಗೆ ಡಬ್ಬಿ ಕಟ್ಟಿದೆ. ಅಂಬೇವಾಡಿಯ ನಳ ನಿಲ್ಲುವುದರೊಳಗೆ ಕೊಡ ತುಂಬಿಟ್ಟೆ, ಅರಿವೆ ಒಗೆದೆ. ಗ್ಯಾರೇಜಿನ ಭಾಯಿಯ ಕಡೆ ಮಾಡಿಸಿದ್ದ ಮಣೆ ಇಸಗೊಂಡೆ. ಆಮೇಲೆ ಜೋಯಿಡಾ ಬಸ್ಸು.

ಊಟಕ್ಕೆ ಕೂಡುವಂಥದೇ ಮಣೆ. ತುಸು ಅಗಲ, ಮೇಲೊಂದು ದಪ್ಪ ಗಾದಿ, ಕೆಳಗೆ ಸಣ್ಣ ಗಾಲಿಗಳು. ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವವಳು ನಾನು. ಕಾಡಿನೊಳಗಿನ ಒಂದು ಕುಣಬಿ ಮನೆಯ ಸೊಸೆ, ಮರದಿಂದ ಬಿದ್ದು ಕಾಲಿನ ಸ್ವಾಧೀನ ಕಳೆದುಕೊಂಡವಳು, ಆಕೆಗೆ ಗಾಲಿಕುರ್ಚಿ ಕೊಡಿಸಿದ್ದೆ. ಕಳೆದ ಸಲ ಹೋಗಿ ನೋಡಿದರೆ ಕುರ್ಚಿ ಅಂಗಳದಲ್ಲಿ, ಚಪ್ಪಲಿಗಳ ಸಾಲಿನಲ್ಲಿ ನಿಂತಿತ್ತು. ಸೊಸೆ ಒಳಗೆ ತೆವಳುತ್ತಿದ್ದಳು. ತೊಡೆಗೆ ಹುಣ್ಣಾಗಿತ್ತು. ಅದು ಆಳಕ್ಕಿಳಿದರೆ ಮುಂದೆ ಹಾಸಿಗೆಯೇ ಗತಿ ಎಂದು ನರ್ಸಮ್ಮ ಹೇಳಿದ್ದರು.

“ಊರೆಲ್ಲಾ ತುಳಿದು ಬಂದದ್ದು, ದೇವರ ಇದ್ದಲ್ಲಿ ಹೆಂಗ ತರೂದು?” ಅಂದಿದ್ದಳು ಆಕೆಯ ಅತ್ತೆ.

“ಗಾಲಿ ತೊಳೀರಿ, ಮಾವಶಿ.”

“ನೀ ದಿನಾ ಬರ್ತಿಯೇನ ತೊಳಿಯಾಕ?”

ಸೊಸೆ ನಕ್ಕಿದ್ದಳು: “ಅಷ್ಟ ಎತ್ತರ ಕುಂತ್ರ ಒಲಿ ಬಾವ್ಯಾಗ ಇದ್ದಂಗ ಕಾಣ್ತೈತಿ, ಅಕ್ಕಾ.”

ಅದಕ್ಕೇ ಈ ಮಣೆ. ಅಂಗಳದಲ್ಲೇ ಅತ್ತೆ ಅದನ್ನು ತಿರುವಿ ಮುರುವಿ ನೋಡಿದಳು.

“ಇದು ನೆಲಾ ಮುಟ್ಟೈತೇನ?”

“ಇಲ್ರಿ. ಬಸ್ಸಿನ್ಯಾಗ ಕೂಸಿನಂಗ ತೊಡಿ ಮ್ಯಾಲೆ ಇಟ್ಕೊಂಡ ಬಂದೇನಿ. ಹೆಣ್ಣಕೂಸಿದ್ರ ಫ್ರೀ ಬಿಡ್ತೇನಿ ಅಂದಾ ಕಂಡಕ್ಟರ್.”

ಅತ್ತೆಗೆ ನಗು ಬಂತು, ಆದರೂ ನೀರು ಚಿಮುಕಿಸಿಯೇ ಒಳಗೆ ಬಿಟ್ಟುಕೊಂಡಳು.

ಸೊಸೆ ಮಣೆಯ ಮೇಲೆ ಕೂತು ಅಂಗೈ ಊರಿ ತಳ್ಳಿಕೊಂಡಳು. ನಡುಮನೆ ದಾಟಿತು. ಅಡಿಗೆಮನೆಯ ಬಾಗಿಲಲ್ಲಿ ಹೊಸ್ತಿಲಿನಂಥ ಮಣ್ಣಿನ ಏರು. ಗಾಲಿ ಅಲ್ಲೇ ಸಿಕ್ಕಿಬಿತ್ತು. ಇನ್ನೂ ಜೋರಾಗಿ ತಳ್ಳಿದಳು. ಮಣೆ ವಾಲಿತು. ಆಕೆಯ ಮುಖ ಸಣ್ಣದಾಯಿತು. ನಾನು ಮಣೆ ಹಿಡಿದು ನಿಲ್ಲಿಸಿದೆ.

“ತಡೀ,” ಅಂದಳು ಅತ್ತೆ. ಗುದ್ದಲಿ ತಂದು ಏರನ್ನು ಕಡಿದಳು. ಹಸಿಮಣ್ಣು ಬಡಿದು ಇಳಿಜಾರು ಮಾಡಿ ಸಗಣಿ ಸಾರಿಸಿದಳು.

ಒಣಗುವುದರಲ್ಲಿ ಕಡೇ ಬಸ್ಸು ಹೋಯಿತು, ರಾತ್ರಿ ಅಲ್ಲೇ ಉಳಿಯುವುದಾಯಿತು. ಕಾಯುತ್ತ ಕೂತಾಗ ತಾಲ್ಲೂಕಿನ ಸಾಹೇಬರಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ: ಕುರ್ಚಿಗೆ ಅರ್ಜಿ ಬರೆಯುವ ಮೊದಲು ಮನೆಯ ನೆಲ ನೋಡಿ ಬರೋಣರೀ, ಒಳಗೊಂದು ಹೊರಗೊಂದು ಕೊಡೋಣ.

ಸಂಜೆ ಸೊಸೆ ಉರುಳುತ್ತ ಒಲೆಯವರೆಗೆ ಹೋಗಿ ತಾನೇ ಊದಿದಳು. ಹೊಗೆಗೆ ಕೆಮ್ಮಿದಳು, ಮತ್ತೆ ಊದಿದಳು. ಅತ್ತೆ ಪಕ್ಕದಲ್ಲಿ ಕೂತು ಉಪ್ಪು ಹೆಚ್ಚು ಕಡಿಮೆ ಎಂದು ಜಗಳ ತೆಗೆದಳು.

ಅನ್ನ, ಗೆಡ್ಡೆಯ ಪಲ್ಯ, ಒಣಮೀನಿನ ಸಾರು ಉಂಡೆವು. ಮೊದಲು ಮಲಗಿದ್ದು ಅತ್ತೆ. ಸೊಸೆ ಹುಣ್ಣಿಗೆ ಮುಲಾಮು ಹಚ್ಚಿಕೊಂಡು ಮಗ್ಗುಲಾದದ್ದು ಆಮೇಲೆ.